ತುದಿ ಮುಚ್ಚದ ಕತ್ತರಿ

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಕಾರ್ಡ್ ಟೀಚರ್ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕೊಲೆ ನಡೆಯುತ್ತಿತ್ತು. ಕೊಲೆ ತಪ್ಪಿದರೆ ದರೋಡೆ, ಅದೂ ತಪ್ಪಿದರೆ ಹಾಲಿಗೆ ವಿಷ. ಸುತ್ತಮುತ್ತಲ ಹೆಂಗಸರು ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು ಬಿಟ್ಟು ಅದಕ್ಕಾಗಿಯೇ ಬರುತ್ತಿದ್ದರು.

ಕೋಣೆಯ ಉದ್ದಕ್ಕೂ ಒಂದು ಮೇಜು, ಅದರ ಸುತ್ತ ಹನ್ನೊಂದು ಕುರ್ಚಿ. ಮೇಜಿನ ತುಂಬ ಬಣ್ಣಬಣ್ಣದ ದಪ್ಪ ಕಾಗದ, ಗೋಂದಿನ ಡಬ್ಬಿ, ರಿಬ್ಬನ್ನು, ಹಳೇ ಗುಂಡಿ, ಪುಸ್ತಕದೊಳಗೆ ಒತ್ತಿ ಒಣಗಿಸಿದ ಹೂವಿನ ಎಸಳು. ಬಂದವರು ಮದುವೆಗೆ, ಹುಟ್ಟುಹಬ್ಬಕ್ಕೆ, ಕಾಯಿಲೆ ಬಿದ್ದು ಮಲಗಿದವರಿಗೆ ಕಳಿಸುವ ಕಾರ್ಡುಗಳನ್ನು ಮಾಡುತ್ತ ಕೂರುವರು. ಟೀಚರ್ ಅವರ ಬೆನ್ನ ಹಿಂದೆ ಓಡಾಡುತ್ತ, ಒಬ್ಬಳ ಮಡಿಕೆ ತಿದ್ದುತ್ತ, ಇನ್ನೊಬ್ಬಳ ಗೋಂದು ಒರೆಸುತ್ತ, ಎಲ್ಲೋ ನಿಜವಾಗಿ ನಡೆದ ಅಪರಾಧವೊಂದನ್ನು ಬಿಡಿಸಿ ಬಿಡಿಸಿ ಹೇಳುವರು. ಅವರ ನಾದಿನಿ ಮೂಲೆಯಲ್ಲಿ ಸ್ಟೂಲಿನ ಮೇಲೆ ಮೊಬೈಲು ನಿಲ್ಲಿಸಿಕೊಂಡು ಅದನ್ನೆಲ್ಲ ರೆಕಾರ್ಡ್ ಮಾಡುವಳು. ಆಮೇಲೆ ಆ ಧ್ವನಿಯನ್ನು ಎಲ್ಲೆಲ್ಲಿಯೋ ಇರುವ ಜನ ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ಜೋತು ಬೀಳುತ್ತ ಕೇಳುತ್ತಿದ್ದರು.

ಕ್ಲಾಸಿಗೆ ಒಂದೇ ನಿಯಮ. ಕಥೆ ಕೇಳುತ್ತ ಯಾರದಾದರೂ ಕೈ ನಿಂತರೆ ಕಥೆಯೂ ನಿಲ್ಲುತ್ತದೆ. ಹೆಣ ಸಿಗುವ ಜಾಗಕ್ಕೆ ಬಂದಾಗ ಎಲ್ಲರ ಕೈಯೂ ಕಟ್ಟಿಹಾಕಿದ ಹಾಗಾಗುವುದು ಸಹಜ. ಆಗ ಟೀಚರ್ ಬಾಯಿ ಮುಚ್ಚಿ ಕಿಟಕಿ ನೋಡುತ್ತ ನಿಲ್ಲುವರು. ಉಳಿದವರು ನಿಂತ ಕೈಯವಳನ್ನು ಮೊಣಕೈಯಿಂದ ತಿವಿಯುವರು.

ಮೇಜಿನ ತುದಿಯ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಈ ಕ್ಲಾಸಿಗೆ ಸೇರಿ ಆರು ವಾರ. ಸಣಕಲು ಮೈ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ಟೀಚರ್ ಮೊದಲ ದಿನವೇ ಅವಳಿಗೆ ಪೆನ್ಸಿಲ್ ಎಂದು ಹೆಸರಿಟ್ಟುಬಿಟ್ಟರು. ಆರು ವಾರದಲ್ಲಿ ಅವಳ ಕೈ ಒಮ್ಮೆಯೂ ನಿಂತಿರಲಿಲ್ಲ. ಇವಳಿಗೆ ಹೆದರಿಕೆಯೇ ಇಲ್ಲ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ಅವಳು ಹೆದರಿ ಹೆದರಿ ಬೆನ್ನಿನವರೆಗೂ ಬೆವರುತ್ತಿದ್ದಳು ಎಂಬುದು ಅವಳೊಬ್ಬಳಿಗೇ ಗೊತ್ತು. ಅವಳೊಬ್ಬಳಿಗೇ ಗೊತ್ತಿದ್ದ ಇನ್ನೊಂದು ವಿಷಯವೆಂದರೆ, ಅವಳು ಬೈಂಡರ್ ಮಗಳು.

ಬೈಂಡರ್ ಎಂದರೆ ಟೀಚರಿಗೆ ಹೆಸರು ತಂದ ಕಥೆಯ ಕೊಲೆಗಾರ. ಒಂಬತ್ತು ವರ್ಷದ ಹಿಂದೆ ಔಷಧಿ ಅಂಗಡಿಯವನೊಬ್ಬ ತನ್ನ ಕಟ್ಟಡದ ಟೆರೇಸಿನಿಂದ ಬಿದ್ದು ಸತ್ತ. ಅವನ ಜೇಬಿನಲ್ಲಿ ಕೈಯಿಂದ ಮಾಡಿದ ಒಂದು ಕಾರ್ಡು ಸಿಕ್ಕಿತು. ಪೇಪರಿನಿಂದ ಕತ್ತರಿಸಿದ ಅಕ್ಷರಗಳನ್ನು ಅದರ ಮೇಲೆ ಅಂಟಿಸಿತ್ತು: ಐದಕ್ಕೆ ಟೆರೇಸಿಗೆ ಬಾ, ಮಾತು ಮುಗಿಸೋಣ. ಕಾರ್ಡಿನ ಅಂಚನ್ನು ಅಲೆಅಲೆಯಾಗಿ ಕತ್ತರಿಸುವ ಜಿಗ್‌ಜಾಗ್ ಕತ್ತರಿಯಿಂದ ಕತ್ತರಿಸಿತ್ತು, ಐದು ಕಡೆ ಆ ಅಲೆ ಚೂರೇ ಚೂರು ಹರಿದಿತ್ತು. ಅದೇ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಬೈಂಡರ್ ಹಿಂದಿನ ದಿನವಷ್ಟೇ ಮೋರಿ ನೀರಿನ ವಿಷಯಕ್ಕೆ ಔಷಧಿಯವನ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳಾಡಿದ್ದ. ಅವನ ಜಿಗ್‌ಜಾಗ್ ಕತ್ತರಿ ಯಾವಾಗಲೋ ಕೆಳಗೆ ಬಿದ್ದು ಅದರ ತುದಿಯ ಹಲ್ಲು ಬಾಗಿತ್ತು.

ಪೊಲೀಸರು ಕಾರ್ಡು ಮಾಡುವುದರಲ್ಲಿ ಪಳಗಿದ ಟೀಚರನ್ನು ಕರೆದು, ಈ ಹರಕು ಈ ಕತ್ತರಿಯದ್ದೇನಾ ಎಂದು ಕೇಳಿದರು. ಹೌದು ಎಂದರು ಟೀಚರ್. ಅದು ನಿಜವೂ ಆಗಿತ್ತು. ಆದರೆ ಅಲ್ಲಿಗೆ ನಿಲ್ಲಿಸದೆ, ಯಾರೂ ಕೇಳದ ಒಂದು ಮಾತನ್ನು ಸೇರಿಸಿದರು: ಇಷ್ಟು ನೇರವಾಗಿ ಅಂಚು ಕತ್ತರಿಸುವುದು ಕಸುಬುದಾರನ ಕೈಗೆ ಮಾತ್ರ ಸಾಧ್ಯ. ಕೋರ್ಟಿನಲ್ಲೂ ಅದನ್ನೇ ಹೇಳಿದರು. ಕತ್ತರಿ ಅವನದು, ಕೈಯೂ ಅವನದು ಎಂದಾಯಿತು. ಬೈಂಡರ್ ಒಳಗೆ ಹೋದ. ಹದಿಮೂರರ ಮಗಳು ಚಿಕ್ಕಮ್ಮನ ಮನೆ ಸೇರಿದಳು.

ಚಿಕ್ಕಮ್ಮನ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವಾಗ ಅವಳು ಟೀಚರ್ ಹೇಳಿದ ಆ ಕಥೆಯ ರೆಕಾರ್ಡನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಹುಣ್ಣನ್ನು ಕೆರೆದುಕೊಂಡ ಹಾಗೆ. ಹರಕು ಹೇಗಿತ್ತೆಂದು ತೋರಿಸಲು ಟೀಚರ್ ಅಂಥದೇ ಒಂದು ಕತ್ತರಿ ತಂದು, ಇಕ್ಕಳದಿಂದ ತುದಿಯ ಹಲ್ಲನ್ನು ಬಗ್ಗಿಸಿ ಇಟ್ಟುಕೊಂಡಿದ್ದರು. ಕಥೆಯ ಆ ಜಾಗದಲ್ಲಿ ಅವರು ಕಾಗದ ಕತ್ತರಿಸುವ ಸದ್ದು ರೆಕಾರ್ಡಿನಲ್ಲಿ ಕೇಳುತ್ತಿತ್ತು. ಕರ್‌ರ್‌... ಕಟಕ್. ಕರ್‌ರ್‌... ಕಟಕ್. ಒಂದು ದಿನ ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆಯೇ ಉಳಿದು ಹೊಗೆಯೆದ್ದಿತು. ಅಪ್ಪನ ಅಂಗಡಿಯಲ್ಲಿ ಬೆಳೆದ ಹದಿಮೂರು ವರ್ಷದಲ್ಲಿ ಅವಳು ಆ ‘ಕಟಕ್’ ಅನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂಥ ಅಲೆಕತ್ತರಿಯನ್ನು ತುದಿಯವರೆಗೆ ಮುಚ್ಚಬಾರದು. ಮುಚ್ಚಿದರೆ ಒಂದು ಹಿಡಿತಕ್ಕೆ ಕತ್ತರಿಸಿದ ಅಲೆ ಮುಗಿದು ಇನ್ನೊಂದು ಶುರುವಾಗುವ ಕಡೆ ಅಂಚು ಕೆಡುತ್ತದೆ. ತುದಿ ಇನ್ನೂ ಬೆರಳಗಲ ತೆರೆದಿರುವಾಗಲೇ ನಿಲ್ಲಿಸಿ, ಹಲ್ಲನ್ನು ಹಿಂದಿನ ಅಲೆಗೆ ಕೂರಿಸಿ ಮುಂದಕ್ಕೆ ಹೋಗಬೇಕು. ಕಸುಬು ಕಲಿಯುವವರಿಗೆ ಇದು ಮೊದಲ ಪಾಠ. ತುದಿ ಮುಚ್ಚದಿದ್ದರೆ ತುದಿಯ ಹಲ್ಲು ಕಾಗದಕ್ಕೆ ತಾಗುವುದೇ ಇಲ್ಲ. ಹಲ್ಲು ಬಾಗಿದ್ದರೂ ಅಷ್ಟೇ, ಮುರಿದಿದ್ದರೂ ಅಷ್ಟೇ. ಹಾಗಿದ್ದರೆ ಕಾರ್ಡಿನ ಅಂಚಿನ ಆ ಐದು ಹರಕು ಕಸುಬುದಾರನ ಕೈಯದಲ್ಲ.

ಅವಳು ಜೈಲಿನ ಭೇಟಿಗೆ ಹೋದಾಗ ಜಾಲರಿಯ ಈಚೆಯಿಂದ ಇದನ್ನು ಹೇಳಿದಳು. ಅಪ್ಪ ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು. ನಾನು ಹಾಗೆ ಕತ್ತರಿಸುವುದಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ್ದರಂತೆ. ಕಳ್ಳ ಯಾವತ್ತು ಒಪ್ಪಿಕೊಂಡಾನು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಮರುವಿಚಾರಣೆಗೆ ಅರ್ಜಿ ಹಾಕೋಣ ಎಂದರು ವಕೀಲರು. ಆದರೆ ಸಾಕ್ಷಿ ಹೇಳಿದವರೇ ಬಂದು, ನಾನು ತಪ್ಪು ಹೇಳಿದೆ ಎಂದರೆ ಮಾತ್ರ ಅರ್ಜಿಗೆ ಜೀವ ಎಂದೂ ಅಂದರು. ಟೀಚರಿಗೆ ಕಾಗದ ಬರೆದರು. ನನ್ನ ಕಣ್ಣಿಗೆ ಇನ್ನೂ ಪೊರೆ ಬಂದಿಲ್ಲ ಎಂದು ಉತ್ತರ ಬಂತು. ಬರುವ ಸೋಮವಾರ ಅರ್ಜಿಯ ವಿಚಾರಣೆ.

“ಆ ಟೀಚರ್ ಬಾಯಿಗೆ ಹೇಳ್ಬೇಡ,” ಅಂದಿದ್ದರು ಅಪ್ಪ. “ಬಾಯಿಗೆ ಹೇಳಿದ್ರೆ ಬಾಯೇ ಜವಾಬು ಕೊಡುತ್ತೆ. ಕೈಗೆ ತೋರಿಸು. ಅವಳ ಕೈ ಒಳ್ಳೇದು. ನಾನೇ ಕಲಿಸಿದ್ದು.”

ಹೌದು. ಟೀಚರಿಗೆ ಅಲೆಕತ್ತರಿ ಹಿಡಿಯಲು ಕಲಿಸಿದವರು ಬೈಂಡರೇ. ಅದೂ ಕಥೆಯಲ್ಲಿ ಬರುತ್ತಿತ್ತು. ಗುರುವಿನ ಅಪರಾಧವನ್ನು ಶಿಷ್ಯೆ ಹಿಡಿದಳು ಎಂದು ಕೇಳುವವರಿಗೆ ರೋಮಾಂಚನವಾಗುತ್ತಿತ್ತು.

ಇವತ್ತಿನದು ಟೀಚರ್ ಹೇಳುವ ನೂರನೆಯ ಕಥೆ. ಕೇಳುಗರ ಒತ್ತಾಯಕ್ಕೆ ಅದೇ ಕಥೆಯನ್ನು ಮತ್ತೆ ಹೇಳುತ್ತೇನೆ ಎಂದು ಹೋದ ವಾರವೇ ಸಾರಿದ್ದರು. ಕತ್ತರಿ ಒಂದು ವೆಲ್ವೆಟ್ ಬಟ್ಟೆಯ ಮೇಲೆ ಮಲಗಿತ್ತು. ಅದು ತನ್ನ ಕೈಗೆ ಬರಬೇಕು, ಬಂದಾಗ ಕೈ ನಡುಗಬಾರದು. ಪೆನ್ಸಿಲ್ ಬಯಸಿದ್ದು ಅಷ್ಟೇ.

ಟೀಚರ್ ಶುರುಮಾಡಿದರು. ಔಷಧಿ ಅಂಗಡಿಯ ಗಾಜಿನ ಬಾಗಿಲು, ಮೋರಿಯ ಜಗಳ, ಟೆರೇಸಿನ ಮೋಟು ಗೋಡೆ, ಎಲ್ಲ ಕಣ್ಣಿಗೆ ಕಟ್ಟಿದಂತೆ ಬಂತು. ಹೇಳುವ ಕಲೆ ಅವರಿಗೆ ಒಲಿದಿತ್ತು, ಸುಳ್ಳು ಹೇಳಬಾರದು. ಕತ್ತರಿಯ ಜಾಗ ಹತ್ತಿರ ಬಂದಾಗ ಪೆನ್ಸಿಲ್ ಎದ್ದು, ನಾನು ಕಾಗದ ಕತ್ತರಿಸಿ ಕೊಡಲೇ ಎಂದು ಕೇಳಿದಳು. ಕೂತ್ಕೋ ಪೆನ್ಸಿಲ್, ಇದು ನನ್ನ ಕೆಲಸ ಎಂದರು ಟೀಚರ್. ಅವಳು ಕೂತಳು. ಈಗ ಟೀಚರ್ ಕತ್ತರಿಸುತ್ತಾರೆ, ಕಟಕ್ ಎನ್ನುತ್ತದೆ, ಎಲ್ಲರೂ ಅಬ್ಬಾ ಎನ್ನುತ್ತಾರೆ, ಕಥೆ ಮುಗಿಯುತ್ತದೆ. ಸೋಮವಾರ ಬಂದು ಹೋಗುತ್ತದೆ.

ಕಾಪಾಡಿದವರು ಪೊಲೀಸಮ್ಮ. ನಿವೃತ್ತ ಹವಾಲ್ದಾರನ ಹೆಂಡತಿ. ಮೂವತ್ತು ವರ್ಷ ಗಂಡನ ಬಾಯಲ್ಲಿ ಕೇಸುಗಳನ್ನು ಕೇಳಿ ಕೇಳಿ, ತಾವೇ ಲಾಠಿ ಹಿಡಿದವರ ಹಾಗೆ ಮಾತಾಡುವರು.

“ನೀವೇ ಹಲ್ಲು ಬಗ್ಗಿಸಿ, ನೀವೇ ಕತ್ತರಿಸಿ, ನೀವೇ ಗುರುತು ತೋರಿಸಿದ್ರೆ ಹೆಂಗೆ ಟೀಚರೇ? ನಮ್ಮನೆಯವರಾಗಿದ್ರೆ ಒಪ್ತಿರ್ಲಿಲ್ಲ. ಬೇರೆಯೋರು ಕತ್ತರಿಸ್ಲಿ.”

“ನಿಮ್ಮನೆಯವರು ಮನೇಲಿ ಕಳೆದ ಕನ್ನಡಕಾನೇ ಹುಡುಕಲ್ಲ ಅಂತೀರಲ್ರೀ,” ಅಂದರು ಟೀಚರ್.

ಎಲ್ಲರೂ ನಕ್ಕರು. ಆದರೆ ಮಾತು ಟೀಚರಿಗೆ ತಾಗಿತ್ತು. ಮೊಬೈಲಿನ ಕಡೆ ಒಮ್ಮೆ ನೋಡಿ, ಆಗಲಿ, ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ನೀಟಾಗಿ ಕತ್ತರಿಸುವವಳು ಕತ್ತರಿಸಲಿ ಎಂದು ಕತ್ತರಿಯನ್ನು ತಾವೇ ತಂದು ಪೆನ್ಸಿಲ್ ಮುಂದಿಟ್ಟರು.

ಅವಳು ಕೆನೆಬಣ್ಣದ ದಪ್ಪ ಕಾಗದ ತೆಗೆದುಕೊಂಡಳು. ಕಿವಿಯ ಪೆನ್ಸಿಲಿನಿಂದ ತೆಳ್ಳಗೆ ಗೆರೆ ಎಳೆದಳು. ಕತ್ತರಿಸಿದಳು. ಕರ್‌ರ್‌, ನಿಲ್ಲಿಸಿ ಹಲ್ಲು ಕೂರಿಸಿ, ಮತ್ತೆ ಕರ್‌ರ್‌. ಐದು ಹಿಡಿತಕ್ಕೆ ಅಂಚು ಮುಗಿಯಿತು. ಪೊಲೀಸಮ್ಮ ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿದರು. ಅಲೆ ಎಂದರೆ ಅಲೆ, ಒಂದು ಎಳೆಯೂ ಹರಿದಿರಲಿಲ್ಲ.

“ಅಪರಾಧಿ ಪರಾರಿ,” ಅಂದರು ಪೊಲೀಸಮ್ಮ.

ಟೀಚರ್ ಹುಬ್ಬು ಗಂಟಾಯಿತು. ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಅಂಚು ಹಾಲಿನ ಕೆನೆಯ ಹಾಗೆ ಬಂತು. ಹಲ್ಲು ನೆಟ್ಟಗಾಗಿರಬೇಕು ಎಂದು ಕತ್ತರಿ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. ಹಲ್ಲು ಬಾಗಿಯೇ ಇತ್ತು. ನಿಂತಲ್ಲೇ ಒಂದು ಕಾಗದ ತೆಗೆದುಕೊಂಡು ತಾವೇ ಕತ್ತರಿಸಿದರು. ಕರ್‌ರ್‌... ಕಟಕ್. ಹರಕು ಬಂತು.

“ನೋಡಿ, ಬಂತಲ್ಲ,” ಅಂದರು. ದನಿಯಲ್ಲಿ ನೆಮ್ಮದಿ ಇತ್ತು.

ಪೆನ್ಸಿಲಿಗೆ ತನ್ನ ದನಿ ತನ್ನದಲ್ಲ ಎನ್ನುವ ಹಾಗೆ ಕೇಳಿಸಿತು. “ಟೀಚರ್, ನೀವು ತುದಿ ಮುಚ್ಚಿದ್ರಿ.”

“ಮುಚ್ಚದೇ ಇದ್ರೆ ಗುರುತು ಹೆಂಗೆ ಬರುತ್ತೆ?”

ಅಂದವರು ಅಲ್ಲಿಗೇ ತಡೆದರು. ಬಾಯಿಂದ ಹೊರಟ ಮಾತು ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ ವಾಪಸು ಬಂದು ಅವರ ಕಿವಿಯೊಳಗೆ ಹೊಕ್ಕ ಹಾಗಿತ್ತು. ಪ್ರತಿ ಗುರುವಾರ ಯಾರಾದರೊಬ್ಬರಿಗೆ ತುದಿ ಮುಚ್ಚಬೇಡ ತುದಿ ಮುಚ್ಚಬೇಡ ಎಂದು ಗದರುತ್ತಿದ್ದವರು ಅವರೇ. ಹೋದ ವಾರ ಪೊಲೀಸಮ್ಮನ ಬೆರಳಿಗೆ ಅದೇ ಕಾರಣಕ್ಕೆ ಸ್ಕೇಲಿನಿಂದ ಒಂದು ಸಣ್ಣ ಏಟೂ ಬಿದ್ದಿತ್ತು.

“ಅದನ್ನೇ ಕೇಳ್ತಿದೀನಿ,” ಅಂದಳು ಪೆನ್ಸಿಲ್. “ಬೈಂಡರ್ ಮುಚ್ತಿದ್ರಾ?”

ಹನ್ನೊಂದು ಜನರಲ್ಲಿ ಹತ್ತು ಜನರ ಕೈ ನಿಂತಿತ್ತು. ನಿಯಮದ ಪ್ರಕಾರ ಕಥೆ ನಿಲ್ಲಬೇಕು. ಟೀಚರ್ ಕಿಟಕಿಯ ಕಡೆ ತಿರುಗಲಿಲ್ಲ. ಪೆನ್ಸಿಲ್ ಮಾತ್ರ ಒಂದು ಚೂರು ರಿಬ್ಬನ್ನನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ನಿಲ್ಲಿಸಿದರೆ ಕೈ ನಡುಗುವುದು ಕಾಣುತ್ತಿತ್ತು.

ಸಿಟ್ಟಿನಲ್ಲಿ ಮನುಷ್ಯ ಪಾಠ ಮರೆಯುತ್ತಾನೆ ಎಂದರು ಟೀಚರ್. ಕೊಲ್ಲಬೇಕೆಂದು ಹೊರಟವನು, ಅವಸರ ಇರುತ್ತದೆ, ಕಣ್ಣು ಕತ್ತಲೆ ಇಟ್ಟಿರುತ್ತದೆ, ಮುಚ್ಚಿರಬಹುದು. ಮಾತು ಸರಾಗವಾಗಿಯೇ ಬಂತು, ಆದರೆ ಅದು ಕಥೆ ಹೇಳುವ ದನಿಯಾಗಿರಲಿಲ್ಲ.

“ಅದನ್ನೂ ನೋಡೇಬಿಡಾಣ,” ಅಂದರು ಪೊಲೀಸಮ್ಮ. ಅವರಿಗೆ ಏನು ನಡೆಯುತ್ತಿದೆ ಎನ್ನುವುದು ಪೂರ್ತಿ ತಿಳಿದಿರಲಿಲ್ಲ, ವಾಸನೆ ಮಾತ್ರ ಹತ್ತಿತ್ತು. “ಕಣ್ಣು ಮುಚ್ಕೊಳ್ಳಿ. ಬೇಗ ಬೇಗ ಕತ್ತರಿಸಿ. ಸಿಟ್ಟು ಬೇಕಾದ್ರೆ ನಾನು ಬರಿಸ್ತೀನಿ.”

ಯಾರೂ ನಗಲಿಲ್ಲ. ನಾದಿನಿ ಸ್ಟೂಲಿನಿಂದ ಅರ್ಧ ಎದ್ದು, ಅತ್ತಿಗೆ, ಆಫ್ ಮಾಡ್ಲಾ ಎಂದು ಪಿಸುಗುಟ್ಟಿದಳು. ಟೀಚರ್ ಒಂದು ಕಾಗದ ಕೈಗೆ ತೆಗೆದುಕೊಂಡರು. ಅವಳು ಬೆರಳನ್ನು ಮೊಬೈಲಿನ ಹತ್ತಿರವೇ ಇಟ್ಟುಕೊಂಡು ನಿಂತಳು. ಪೆನ್ಸಿಲ್ ಕಣ್ಣು ಆ ಬೆರಳನ್ನು ಬಿಟ್ಟು ಅಲ್ಲಾಡಲಿಲ್ಲ. ಅದು ಒಂದು ಅಕ್ಕಿಕಾಳಿನಷ್ಟು ಮುಂದಕ್ಕೆ ಹೋದರೂ ಈ ಕೋಣೆಯಲ್ಲಿ ನಡೆದದ್ದು ಈ ಕೋಣೆಯಲ್ಲೇ ಉಳಿಯುತ್ತಿತ್ತು.

ಟೀಚರ್ ಕಣ್ಣು ಮುಚ್ಚಿದರು. ಎಡಗೈಯಲ್ಲಿ ಕಾಗದ, ಬಲಗೈಯಲ್ಲಿ ಕತ್ತರಿ. ಸರಸರನೆ ಕತ್ತರಿಸಿದರು. ಕರ್‌ರ್‌, ಕರ್‌ರ್‌, ಕರ್‌ರ್‌. ಕೈ ತುದಿಗೆ ಬೆರಳಗಲ ಮೊದಲೇ ತಾನಾಗಿ ನಿಂತಿತು, ಹಲ್ಲು ತಾನಾಗಿ ಹಿಂದಿನ ಅಲೆಗೆ ಕೂತಿತು. ಕಣ್ಣು ತೆರೆಯದೆಯೇ ಇನ್ನೊಂದು ಕಾಗದಕ್ಕೆ ಕೈ ಚಾಚಿದರು. ಈ ಸಲ ಇನ್ನೂ ಬೇಗ, ಬೇಕೆಂದೇ ಒರಟಾಗಿ, ಹಲ್ಲು ಕಚ್ಚಿಕೊಂಡು. ಗೆರೆ ಓರೆಯಾಯಿತು, ಅಂಚು ಸೊಟ್ಟಗಾಯಿತು, ಹರಕು ಬರಲಿಲ್ಲ. ಮೂರನೆಯದಕ್ಕೆ ಅವರ ಹಣೆಯಲ್ಲಿ ಬೆವರು ಹನಿಯಿತು. ಕಟಕ್ ಎನ್ನುವ ಸದ್ದಿಗಾಗಿ ಇಡೀ ಕೋಣೆ ಕಿವಿಯಾಗಿತ್ತು. ಅದು ಬರಲೇ ಇಲ್ಲ.

ಟೀಚರ್ ಕಣ್ಣು ಬಿಟ್ಟು ಮೂರು ಕಾಗದವನ್ನೂ ಮೇಜಿನ ಮೇಲೆ ಸಾಲಾಗಿಟ್ಟರು. ಮೇಲೆ ಬೆರಳಾಡಿಸಿ ನೋಡಿದರು. ಕುರುಡರು ಮುಖ ಮುಟ್ಟಿ ನೋಡುವ ಹಾಗೆ.

“ಆ ಕತ್ತರಿ ಅವನ ಅಂಗಡಿ ಬಾಗಿಲ ಮೊಳೆಗೆ ನೇತಾಡ್ತಿತ್ತು,” ಅಂದರು ನಿಧಾನವಾಗಿ. “ಇಡೀ ಬೀದಿ ತಗೊಂಡು ಹೋಗೋದು. ಒಂದು ಮಾತು ಹೇಳ್ತಾನೂ ಇರ್ಲಿಲ್ಲ. ನಾನೂ ಎಷ್ಟು ಸಲ ತಂದಿಲ್ಲ.” ಮತ್ತೆ ಅಂದರು, “ಕತ್ತರಿ ಯಾವ್ದು ಅಂತ ಮಾತ್ರ ಕೇಳಿದ್ರು ನನ್ನ. ಕೈ ಯಾರ್ದು ಅಂತ ಯಾರೂ ಕೇಳಿರ್ಲಿಲ್ಲ.”

ಆಮೇಲೆ ಅವರು ಪೆನ್ಸಿಲನ್ನು ನೋಡಿದರು. ಆರು ವಾರದಿಂದ ದಿನಸಿ ಸಾಮಾನಿನ ಹಾಗೆ ನೋಡಿದ್ದ ಮುಖವನ್ನು ಈಗ ಮೊದಲಿಂದ ಓದತೊಡಗಿದರು. ಪೆನ್ಸಿಲ್ ತಲೆ ತಗ್ಗಿಸಬೇಕೆಂದುಕೊಂಡಳು, ಆಗಲಿಲ್ಲ. ಮೋಸ ಮಾಡಿ ಒಳಗೆ ಬಂದವಳು ಎಂದು ಹೊರಗೆ ಹಾಕಬಹುದು. ಹಾಕಿದರೆ ಕೇಳುವವರು ಯಾರು?

“ಅವನ ಅಂಗಡೀಲಿ ಗೋಂದಿನ ಡಬ್ಬಿಗೆ ಬೆರಳದ್ದಿ ಬೈಸ್ಕೊಳ್ತಿದ್ದೋಳು ನೀನೇ ಅಲ್ವಾ?”

“ಹೌದು ಟೀಚರ್.”

“ನಿಮ್ಮಪ್ಪ ಕಳಿಸಿದ್ರಾ?”

“ನಾನೇ ಬಂದೆ. ಅಪ್ಪ, ಬಾಯಿಗೆ ಹೇಳ್ಬೇಡ, ಕೈಗೆ ತೋರಿಸು ಅಂದ್ರು. ನಿಮ್ಮ ಕೈ ಒಳ್ಳೇದಂತೆ.”

ಟೀಚರಿಗೆ ಈ ಕೊನೆಯ ಮಾತು ಹೊಡೆದಷ್ಟು ಬೇರೆ ಯಾವುದೂ ಹೊಡೆದಿರಲಿಕ್ಕಿಲ್ಲ. ಕುರ್ಚಿ ಎಳೆದು ಕೂತುಬಿಟ್ಟರು. ನೂರು ಕಥೆಯಲ್ಲಿ ಅವರು ಕೂತು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಪೊಲೀಸಮ್ಮ ನೀರಿನ ಲೋಟ ಮುಂದಿಟ್ಟರು. ಅದನ್ನು ಮುಟ್ಟಲಿಲ್ಲ. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

“ಸೋಮವಾರ ಎಷ್ಟು ಗಂಟೆಗೆ?” ಎಂದು ಕೇಳಿದರು ಕೊನೆಗೆ.

ವಕೀಲರ ಕಾಗದವನ್ನು ಟೀಚರ್ ಓದಿದ್ದರು, ದಿನವನ್ನೂ ಮರೆತಿರಲಿಲ್ಲ.

“ಹತ್ತೂವರೆಗೆ,” ಅಂದಳು.

“ಹೋದ ತಕ್ಷಣ ನನ್ನ ಮಾತು ನಂಬ್ತಾರೆ ಅನ್ಕೋಬೇಡ. ಒಂಬತ್ತು ವರ್ಷ ಸುಮ್ನಿದ್ದು ಈಗ್ಯಾಕೆ ಬಂದ್ರಿ ಅಂತ ನನ್ನ ಮುಖಕ್ಕೇ ಉಗೀತಾರೆ. ಉಗೀಲಿ. ಹೋಗೋಣ.”

ಆಮೇಲೆ ಆ ಮೂರು ಕಾಗದವನ್ನು, ಪೆನ್ಸಿಲ್ ಕತ್ತರಿಸಿದ ಎರಡನ್ನು, ತಾವು ತುದಿ ಮುಚ್ಚಿ ಕತ್ತರಿಸಿದ ಹರಕಿನದೊಂದನ್ನು ಒಂದು ದೊಡ್ಡ ಲಕೋಟೆಗೆ ಹಾಕಿ ಅಂಟಿಸಿದರು. ಅಂಟಿನ ಮೇಲೆ ಪೊಲೀಸಮ್ಮನ ಸಹಿ ಹಾಕಿಸಿಕೊಂಡರು. ಪೊಲೀಸಮ್ಮ ತಾರೀಖು, ಗಂಟೆ, ನಿಮಿಷ ಎಲ್ಲ ಬರೆದು, ತಮ್ಮ ಹೆಸರಿನ ಕೆಳಗೆ ಎರಡು ಗೆರೆ ಎಳೆದರು. ನಮ್ಮನೆಯವರು ಒಂದೇ ಗೆರೆ ಎಳೀತಿದ್ರು ಎಂದು ಹೇಳಿಕೊಂಡರು.

ನಾದಿನಿ ಇನ್ನೂ ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದಳು. ಹೆದರಿಕೆಯಿಂದ ಅವಳ ಮುಖ ಬಿಳಚಿತ್ತು. ಈ ಧ್ವನಿಯನ್ನು ಜನ ಕೇಳಿದರೆ ಅತ್ತಿಗೆಯ ಗತಿಯೇನು ಎನ್ನುವುದು ಅವಳ ಚಿಂತೆ. ಅದು ಸುಳ್ಳು ಚಿಂತೆಯೇನಲ್ಲ.

“ಕೈ ತೆಗಿಯೇ ಅಲ್ಲಿಂದ,” ಅಂದರು ಟೀಚರ್. “ಕಥೆ ಇನ್ನೂ ಮುಗಿದಿಲ್ಲ.”

ಎದ್ದು ನಿಂತರು. ಸೆರಗಿನಿಂದ ಹಣೆ ಒರೆಸಿಕೊಂಡರು. ಎಲ್ಲರೂ ಕೈ ಆಡಿಸಿ ಎಂದರು, ಇದರಲ್ಲಿ ತಪ್ಪು ಮಾಡಿದವಳು ಇದೇ ಕೋಣೆಯಲ್ಲಿದ್ದಾಳೆ ಎಂದರು. ಹೆಂಗಸರು ಒಬ್ಬೊಬ್ಬರಾಗಿ ಗೋಂದಿಗೆ, ಕಾಗದಕ್ಕೆ ಕೈ ಹಾಕಿದರು. ಟೀಚರ್ ಮುಂದಿನ ಮಾತಿಗೆ ಬಾಯಿ ತೆರೆದವರು ಹಾಗೆಯೇ ನಿಂತರು.

ಮೇಜಿನ ತುದಿಯಲ್ಲಿ ಪೆನ್ಸಿಲ್ ಕೈ ನಿಂತುಹೋಗಿತ್ತು. ಎರಡೂ ಅಂಗೈ ಮೇಜಿನ ಮೇಲೆ ಬಿದ್ದಿದ್ದವು, ನಡುಗುತ್ತಿದ್ದವು, ಅವಳು ಅವನ್ನೇ ನೋಡುತ್ತಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿಯಲು ಹೋಗಿ ಸುಮ್ಮನಾದಳು.

ಯಾರೂ ಅವಸರ ಮಾಡಲಿಲ್ಲ. ಟೀಚರ್ ಬಂದು ಅವಳ ಬೆನ್ನ ಹಿಂದೆ ನಿಂತು, ಒಂದು ಕೆನೆಬಣ್ಣದ ಕಾಗದವನ್ನು ಅವಳ ಮುಂದೆ ಸರಿಸಿ, ಕಿಟಕಿಯ ಕಡೆ ನೋಡುತ್ತ ಕಾದರು.